ಹುರುಳಿಕಾಯಿಯ ಬೀಜ, ಮೆಕ್ಸಿಕೋದ ಮಡಕೆ: ಪಿಂಟೋ ಕಾಳನ್ನು ಮನೆಯಲ್ಲಿ ಬೇಯಿಸುವ ಬಗೆ

ಗುಂಡ್ಲುಪೇಟೆ ಸೀಮೆಯ ಹೊಲಗಳಲ್ಲಿ ಬೆಳೆದು, ತೆರಕಣಾಂಬಿಯ ತರಕಾರಿ ಮಾರುಕಟ್ಟೆಯ ಮೂಲಕ ಕೇರಳದ ಕಡೆಗೆ ಲಾರಿಯೇರುವ ಹಸಿರು ಹುರುಳಿಕಾಯಿಯನ್ನು ನಗರವಾಸಿಗಳು ಬೀನ್ಸ್ ಎಂದೇ ಕರೆಯುತ್ತಾರೆ. ಪಲ್ಯಕ್ಕೂ ಸಾಂಬಾರಿಗೂ ಒದಗುವ ಈ ಎಳೆಯ ಕಾಯಿಗೂ, ಮೆಕ್ಸಿಕೋದ ಮನೆಗಳಲ್ಲಿ ಮಣ್ಣಿನ ಮಡಕೆಯಲ್ಲಿ ಬೇಯುವ ಪಿಂಟೋ ಕಾಳಿಗೂ ಹತ್ತಿರದ ನಂಟಿದೆ. ಎರಡೂ ಸಸ್ಯಶಾಸ್ತ್ರದಲ್ಲಿ ಫೇಸಿಯೋಲಸ್ ವಲ್ಗ್ಯಾರಿಸ್ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಉತ್ತರ ಭಾರತದ ರಾಜ್ಮಾ ಕೂಡ ಇದೇ ಕುಟುಂಬದ ಕೂಸು. ಕಾಯಿ ಎಳೆಯದಿದ್ದಾಗ ಕಿತ್ತರೆ ತರಕಾರಿ, ಬಲಿತು ಒಣಗಿದ ಮೇಲೆ ಬಿಡಿಸಿದರೆ ಕಾಳು.

ಆದರೆ ತರಕಾರಿಯನ್ನು ಬೇಯಿಸಿದಷ್ಟು ಸಲೀಸಾಗಿ ಈ ಒಣಕಾಳನ್ನು ಬೇಯಿಸಲಾಗದು. ಅರೆಬೆಂದ ಕಾಳು ಹೊಟ್ಟೆಗೆ ಹೋದರೆ ವಾಂತಿ, ಭೇದಿ ತಪ್ಪಿದ್ದಲ್ಲ. ಹೊಸ ರುಚಿಗಳು ಅಡುಗೆಮನೆಗೆ ಬರುತ್ತಿರುವ ಈ ದಿನಗಳಲ್ಲಿ, ಕಾಳಿನ ಗುಣವನ್ನು ಅರಿತು ಬೇಯಿಸುವುದು ರುಚಿಗಷ್ಟೇ ಅಲ್ಲ, ಆರೋಗ್ಯಕ್ಕೂ ಅಗತ್ಯ.

ಹೆಸರಿನ ಗೊಂದಲ

ಕನ್ನಡದಲ್ಲಿ ಹುರುಳಿ ಎಂಬ ಪದ ಎರಡು ಬೇರೆ ಬೇರೆ ಬೆಳೆಗಳಿಗೆ ಬಳಕೆಯಲ್ಲಿದೆ. ಹುರುಳಿಕಾಯಿ ಎಂದರೆ ಬೀನ್ಸ್. ಹುರುಳಿ ಕಾಳು ಎಂದರೆ ಎತ್ತು, ಕುದುರೆಗಳಿಗೆ ಬೇಯಿಸಿ ಹಾಕುತ್ತಿದ್ದ, ಕಟ್ಟಿನ ಸಾರಿಗೆ ಹೆಸರಾದ ಚಪ್ಪಟೆ ಕಾಳು. ಚಾಮರಾಜನಗರ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಹಿಂಗಾರಿನ ಬೆಳೆಯಾಗಿ ಕಾಣಸಿಗುವುದು ಈ ಎರಡನೆಯದು. ಇದು ಅಪ್ಪಟ ಭಾರತೀಯ ಕಾಳು. ಬಳ್ಳಾರಿ ಜಿಲ್ಲೆಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರಿನ ನವಶಿಲಾಯುಗದ ನೆಲೆಗಳಲ್ಲಿ ಇದರ ಕರಿಕಾಗಿ ಉಳಿದ ಬೀಜಗಳು ದೊರೆತಿವೆ.

ಹುರುಳಿಕಾಯಿ ಮಾತ್ರ ಹೊರಗಿನಿಂದ ಬಂದದ್ದು. ಮಧ್ಯ ಅಮೆರಿಕ ಹಾಗೂ ಆಂಡಿಸ್ ಪರ್ವತ ಪ್ರದೇಶ, ಈ ಎರಡೂ ಕಡೆ ಜನ ಇದನ್ನು ಸಾವಿರಾರು ವರ್ಷಗಳ ಹಿಂದೆ ಪ್ರತ್ಯೇಕವಾಗಿ ಕೃಷಿಗೆ ಒಗ್ಗಿಸಿಕೊಂಡರು. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ದಾಟಿದ ನಂತರವಷ್ಟೇ ಮೆಣಸಿನಕಾಯಿ, ಟೊಮೇಟೊ, ಮುಸುಕಿನ ಜೋಳಗಳ ಹಾಗೆ ಇದೂ ಹಳೆಯ ಜಗತ್ತಿಗೆ ಕಾಲಿಟ್ಟಿತು. ಇಂದು ಗುಂಡ್ಲುಪೇಟೆಯ ಸುತ್ತಮುತ್ತ ಈ ಬೆಳೆಗಳೆಲ್ಲ ಒಂದೇ ಊರಿನ ಹೊಲಗಳಲ್ಲಿ ಬೆಳೆಯುತ್ತವೆ. ಮೆಕ್ಸಿಕೋ ಅಡುಗೆಯ ಮುಖ್ಯ ಸಾಮಗ್ರಿಗಳು ಕನ್ನಡಿಗರಿಗೆ ಅಪರಿಚಿತವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಿಂಟೋ ಎಂದರೇನು?

ಸ್ಪ್ಯಾನಿಷ್ ಭಾಷೆಯಲ್ಲಿ ಪಿಂಟೋ ಎಂದರೆ ಬಣ್ಣದ ಮಚ್ಚೆಯುಳ್ಳದ್ದು. ತಿಳಿ ಕಂದು ಮೈಯ ಮೇಲೆ ಕಡು ಕಂದಿನ ಗೀರುಗಳಿರುವುದರಿಂದ ಈ ಹೆಸರು. ಬೆಂದ ಮೇಲೆ ಮಚ್ಚೆಗಳು ಮಾಯವಾಗಿ ಕಾಳು ಒಂದೇ ಸಮನಾದ ಕಂದು ಬಣ್ಣಕ್ಕೆ ತಿರುಗುತ್ತದೆ. ಮೆಕ್ಸಿಕೋದ ಉತ್ತರ ಭಾಗದಲ್ಲಿ ಪಿಂಟೋಗೆ ಆದ್ಯತೆ. ದಕ್ಷಿಣದ ಕಡೆ ಕಪ್ಪು ಕಾಳಿನ ಬಳಕೆ ಹೆಚ್ಚು.

ದೊಡ್ಡ ನಗರಗಳ ಕೆಲವು ಮಳಿಗೆಗಳಲ್ಲಿ ಪಿಂಟೋ ಕಾಳು ದೊರೆಯುತ್ತದೆ. ಸಿಗದ ಕಡೆ ದಿನಸಿ ಅಂಗಡಿಯ ಚಿತ್ರಾ ರಾಜ್ಮಾವನ್ನು ಬಳಸಬಹುದು. ಇದರ ಮೈಮೇಲೂ ಮಚ್ಚೆಗಳಿದ್ದು, ಹೆಸರಿನ ಅರ್ಥವೂ ಹೆಚ್ಚುಕಡಿಮೆ ಅದೇ ಆಗಿರುವುದು ಸೋಜಿಗ. ಬೆಂದಾಗ ಮೆತ್ತಗೆ ಕೆನೆಯಂತಾಗುವ ಗುಣ ಎರಡಕ್ಕೂ ಇದೆ. 100 ಗ್ರಾಂ ಒಣ ಪಿಂಟೋ ಕಾಳಿನಲ್ಲಿ ಸುಮಾರು 21 ಗ್ರಾಂ ಪ್ರೋಟೀನ್, 15 ಗ್ರಾಂ ನಾರು, 5 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಊಟದ ಹೊತ್ತಿಗೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದಕ್ಕೆ ನೆರವಾಗುತ್ತದೆ.

ಅರೆಬೆಂದರೆ ಅಪಾಯ

ಈ ಪ್ರಭೇದದ ಒಣಕಾಳುಗಳಲ್ಲಿ ಫೈಟೋಹೆಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇರುತ್ತದೆ. ಕೆಂಪು ರಾಜ್ಮಾದಲ್ಲಿ ಇದರ ಪ್ರಮಾಣ ಅತಿ ಹೆಚ್ಚು, ಪಿಂಟೋದಲ್ಲಿ ಅದಕ್ಕಿಂತ ಕಡಿಮೆ. ಆದರೂ ಎಚ್ಚರಿಕೆ ಎರಡಕ್ಕೂ ಒಂದೇ. ಹಸಿಯಾದ ಕೆಂಪು ರಾಜ್ಮಾ ನಾಲ್ಕೈದು ಕಾಳು ತಿಂದರೂ ಸಾಕು, 1ರಿಂದ 3 ಗಂಟೆಗಳೊಳಗೆ ತೀವ್ರ ವಾಕರಿಕೆ, ವಾಂತಿ ಮತ್ತು ಭೇದಿ ಕಾಣಿಸಿಕೊಳ್ಳಬಹುದು. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಶಮನವಾಗುವುದಾದರೂ, ಮಕ್ಕಳು ಮತ್ತು ವೃದ್ಧರಲ್ಲಿ ದೇಹದ ನೀರಿನಂಶ ಕಡಿಮೆಯಾಗುವ ಅಪಾಯವಿದ್ದು, ವೈದ್ಯರಲ್ಲಿಗೆ ಕರೆದೊಯ್ಯುವುದು ಲೇಸು.

ಈ ವಿಷ ಕುದಿಯುವ ನೀರಿನಲ್ಲಿ ನಾಶವಾಗುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಸಾಕಾದರೂ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸುವಂತೆ ಸಲಹೆ ನೀಡಿದೆ. ಕುದಿ ಬಾರದಷ್ಟು ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಪ್ರಯೋಜನವಿಲ್ಲ. 80 ಡಿಗ್ರಿಯಷ್ಟು ಮಾತ್ರ ಬಿಸಿಯಾದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ವಿಷಕಾರಿಯಾಗಬಲ್ಲದು. ಆದುದರಿಂದ ಸ್ಲೋ ಕುಕ್ಕರ್ ಎಂಬ ವಿದ್ಯುತ್ ಪಾತ್ರೆಯಲ್ಲಿ ಹಸಿ ಕಾಳನ್ನು ನೇರವಾಗಿ ಹಾಕಿ ಬೇಯಿಸುವುದು ಸಲ್ಲದು.

ಎತ್ತರಕ್ಕೆ ಹೋದಂತೆ ತಡ

ಬಂಡೀಪುರದ ಹಾದಿಯಲ್ಲಿ ಸಾಗುವವರು ಅಡುಗೆಯ ಇನ್ನೊಂದು ಪಾಠವನ್ನೂ ಕಲಿಯಬಹುದು. ಸಮುದ್ರಮಟ್ಟದಿಂದ ಮೇಲೇರಿದಂತೆ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಡಿಗ್ರಿ ಇಳಿಕೆ ಎಂಬುದು ಸ್ಥೂಲ ಲೆಕ್ಕ. ಗುಂಡ್ಲುಪೇಟೆ, ಬಂಡೀಪುರಗಳ ಆಸುಪಾಸಿನಲ್ಲಿ ನೀರು ಸುಮಾರು 97 ಡಿಗ್ರಿಗೆ, ಸುಮಾರು 1,450 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಸುಮಾರು 95 ಡಿಗ್ರಿಗೆ ಕುದಿಯುತ್ತದೆ. ಅದೇ ಹೆದ್ದಾರಿಯಲ್ಲಿ ಘಟ್ಟವೇರಿದರೆ ಸಿಗುವ ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಮೆಕ್ಸಿಕೋ ನಗರದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕಡೆ ನೀರು ಕುದಿಯುವುದು 92-93 ಡಿಗ್ರಿಗೆ. ಇಂತಹ ಊರುಗಳಲ್ಲಿ ಕಾಳು ಬೇಯಲು ಹೆಚ್ಚು ಹೊತ್ತು ಹಿಡಿಯುವುದು ಸಹಜ. ಒತ್ತಡದ ಬಲದಿಂದ ನೀರನ್ನು 115ರಿಂದ 120 ಡಿಗ್ರಿಯವರೆಗೆ ಕಾಯಿಸುವ ಪ್ರೆಷರ್ ಕುಕ್ಕರ್ ಇಲ್ಲಿ ದೊಡ್ಡ ಆಸರೆ.

ನೀರಿನ ಗುಣವೂ ಮುಖ್ಯ. ಸುಣ್ಣದಂಶ ಹೆಚ್ಚಿರುವ ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಯದೆಂಬುದು ಗೃಹಿಣಿಯರ ಅನುಭವ. ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಕಾಳಿನ ಸಿಪ್ಪೆಯನ್ನು ಗಟ್ಟಿಗೊಳಿಸುವುದೇ ಇದಕ್ಕೆ ಕಾರಣ. ಸಾಧ್ಯವಿದ್ದಲ್ಲಿ ಮೆದು ನೀರನ್ನು ಬಳಸಬೇಕು. ಅಡುಗೆ ಸೋಡಾ ಹಾಕಿದರೆ ಕಾಳು ಬೇಗ ಮೆತ್ತಗಾಗುವುದು ನಿಜವಾದರೂ, ಅದರಿಂದ ಥಯಾಮಿನ್ ಎಂಬ ಬಿ ಜೀವಸತ್ವ ನಷ್ಟವಾಗುತ್ತದೆ. ಹಾಕುವುದೇ ಆದರೆ ಚಿಟಿಕೆಯಷ್ಟು ಸಾಕು. ವರ್ಷಗಟ್ಟಲೆ ಡಬ್ಬದಲ್ಲಿ ಉಳಿದ ಹಳೆಯ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗದೇ ಇರಬಹುದು.

ಮಡಕೆ ಕಾಳು ಮಾಡುವ ವಿಧಾನ

ಮೆಕ್ಸಿಕೋದಲ್ಲಿ ಇದಕ್ಕೆ ಫ್ರಿಹೋಲೆಸ್ ದೆ ಓಯಾ ಎನ್ನುತ್ತಾರೆ. ಓಯಾ ಎಂದರೆ ಮಡಕೆ. ನಾಲ್ವರಿಗೆ ಬೇಕಾಗುವ ಸಾಮಗ್ರಿಗಳು: ಪಿಂಟೋ ಅಥವಾ ಚಿತ್ರಾ ರಾಜ್ಮಾ 200 ಗ್ರಾಂ, ಮಧ್ಯಮ ಗಾತ್ರದ ಈರುಳ್ಳಿ 1, ಬೆಳ್ಳುಳ್ಳಿ 3 ಎಸಳು, ಎಣ್ಣೆ 1 ಚಮಚ, ದೊಡ್ಡಪತ್ರೆ ಎಲೆ 2, ಉಪ್ಪು ರುಚಿಗೆ ತಕ್ಕಷ್ಟು.

ಕಾಳಿನಲ್ಲಿರುವ ಕಲ್ಲು, ಮುದುರಿದ ಕಾಳುಗಳನ್ನು ಆರಿಸಿ ತೆಗೆದು, ಎರಡು ಮೂರು ಬಾರಿ ತೊಳೆಯಬೇಕು. ಕಾಳಿನ ನಾಲ್ಕರಷ್ಟು ನೀರಿನಲ್ಲಿ 8ರಿಂದ 10 ಗಂಟೆ ನೆನೆಹಾಕಬೇಕು. ಬೇಸಿಗೆಯಲ್ಲಿ ನೀರು ಹುಳಿಯದಂತೆ ನಡುವೆ ಒಮ್ಮೆ ಬದಲಿಸುವುದು ಒಳ್ಳೆಯದು. ನೆನೆದ ನೀರನ್ನು ಚೆಲ್ಲಿಬಿಡಬೇಕು. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಕೆಲವು ಸಕ್ಕರೆ ಅಂಶಗಳೂ ಅದರೊಂದಿಗೆ ಹೊರಟುಹೋಗುತ್ತವೆ.

ಕಾಳು ಮುಳುಗಿ ಮೇಲೆ ಮೂರು ಬೆರಳಷ್ಟು ನಿಲ್ಲುವಂತೆ ಹೊಸ ನೀರು ಹಾಕಿ, ಎರಡು ಹೋಳು ಮಾಡಿದ ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ ಸೇರಿಸಿ ಒಲೆಗಿಡಬೇಕು. ಮೊದಲ 30 ನಿಮಿಷ ಚೆನ್ನಾಗಿ ಕೊತಕೊತ ಕುದಿಯಲೇಬೇಕು. ಬಳಿಕ ಉರಿ ಸಣ್ಣದು ಮಾಡಿ, ಅರೆ ಮುಚ್ಚಿ, ಒಂದರಿಂದ ಒಂದೂವರೆ ಗಂಟೆ ಬೇಯಿಸಬೇಕು. ನೀರು ತಗ್ಗಿದರೆ ಬಿಸಿನೀರನ್ನೇ ಸೇರಿಸಬೇಕು. ಕಾಳು ಮೆತ್ತಗಾದ ಮೇಲೆ ಉಪ್ಪು ಮತ್ತು ದೊಡ್ಡಪತ್ರೆ ಹಾಕಿ ಇನ್ನೂ 15 ನಿಮಿಷ ಕುದಿಸಿದರೆ ಕಟ್ಟು ಮಂದವಾಗುತ್ತದೆ. ಒಂದು ಕಾಳನ್ನು ನಾಲಿಗೆ ಮತ್ತು ಅಂಗುಳಿನ ನಡುವೆ ಒತ್ತಿದರೆ ಹುಡಿಯಾಗಬೇಕು. ನಡುವೆ ಗಟ್ಟಿ ಸಿಕ್ಕಿದರೆ ಇನ್ನೂ ಬೆಂದಿಲ್ಲವೆಂದೇ ಅರ್ಥ.

ಕುಕ್ಕರಿನಲ್ಲಾದರೆ ಮೊದಲ ಕೂಗು ಬಂದ ಮೇಲೆ ಉರಿ ಸಣ್ಣದು ಮಾಡಿ 15 ನಿಮಿಷ ಇಟ್ಟು, ಒತ್ತಡ ತಾನಾಗಿ ಇಳಿಯಲು ಬಿಡಬೇಕು. ನೊರೆ ಉಕ್ಕುವುದರಿಂದ ಕುಕ್ಕರಿನ ಅರ್ಧಕ್ಕಿಂತ ಹೆಚ್ಚು ತುಂಬಬಾರದು.

ಟೊಮೇಟೊ, ಹುಣಸೆ, ನಿಂಬೆರಸಗಳನ್ನು ಕಾಳು ಪೂರ್ತಿ ಬೆಂದ ನಂತರವೇ ಹಾಕಬೇಕು. ಹುಳಿ ಬಿದ್ದೊಡನೆ ಕಾಳು ಮೆತ್ತಗಾಗುವುದು ನಿಧಾನವಾಗುತ್ತದೆ.

ಮೆಕ್ಸಿಕೋದವರು ಪರಿಮಳಕ್ಕೆ ಎಪಾಸೋಟೆ ಎಂಬ ಸೊಪ್ಪನ್ನೂ, ಜಿಡ್ಡಿಗೆ ಹಂದಿಯ ಕೊಬ್ಬನ್ನೂ ಬಳಸುವುದು ರೂಢಿ. ಸಸ್ಯಾಹಾರಿಗಳು ಕಡಲೆಕಾಯಿ ಎಣ್ಣೆ ಬಳಸಬಹುದು. ಎಪಾಸೋಟೆಯ ಬದಲು ಚಿಟಿಕೆ ಓಮ ಅಥವಾ ಇಂಗು ಹಾಕಿದರೆ ರುಚಿ ಬೇರೆಯಾದರೂ ಜೀರ್ಣಕ್ಕೆ ಹಿತ. ಕನ್ನಡ ನಾಡಿನ ಹಿತ್ತಲಿನ ದೊಡ್ಡಪತ್ರೆಗೆ ಆಂಗ್ಲರು ಮೆಕ್ಸಿಕೋದ ಪುದೀನ ಎಂದು ಹೆಸರಿಟ್ಟಿದ್ದಾರೆ. ಇದರ ಘಮ ಓರೆಗಾನೊವನ್ನು ಹೋಲುವುದರಿಂದ ಈ ಅಡುಗೆಗೆ ಚೆನ್ನಾಗಿ ಹೊಂದುತ್ತದೆ.

ಮಸೆದು ಹುರಿದ ಕಾಳು

ಮಡಕೆ ಕಾಳು ಮಿಕ್ಕರೆ ಮರುದಿನ ಫ್ರಿಹೋಲೆಸ್ ರೆಫ್ರಿತೋಸ್ ಸಿದ್ಧ. ಇದನ್ನು ಎರಡು ಬಾರಿ ಹುರಿದದ್ದು ಎಂದು ಅರ್ಥೈಸುವುದುಂಟು. ನಿಜಾರ್ಥದಲ್ಲಿ ಚೆನ್ನಾಗಿ ಹುರಿದದ್ದು ಎಂದಷ್ಟೇ. ಬಾಣಲೆಯಲ್ಲಿ 2 ದೊಡ್ಡ ಚಮಚ ಎಣ್ಣೆ ಕಾಯಿಸಿ, ಹೆಚ್ಚಿದ ಈರುಳ್ಳಿ ಬಾಡಿಸಿ, 2 ಬಟ್ಟಲು ಬೆಂದ ಕಾಳು ಮತ್ತು ಅರ್ಧ ಬಟ್ಟಲು ಕಟ್ಟು ಹಾಕಿ, ಸೌಟಿನ ಹಿಂಬದಿಯಿಂದ ಮಸೆಯುತ್ತಾ ಬಾಣಲೆಯ ತಳ ಬಿಡುವವರೆಗೆ ಕೈಯಾಡಿಸಬೇಕು. ನೆನೆಸಿ ಅರೆದ ಬ್ಯಾಡಗಿ ಮೆಣಸಿನಕಾಯಿ ಸೇರಿಸಿದರೆ ಬಣ್ಣವೂ ಹದವಾದ ಖಾರವೂ ಬರುತ್ತವೆ. ಮೆಕ್ಸಿಕೋದ ಮುಸುಕಿನ ಜೋಳದ ತೊರ್ತೀಯಾ ಬದಲು ಅಕ್ಕಿ ರೊಟ್ಟಿ, ರಾಗಿ ರೊಟ್ಟಿ ಯಾವುದಾದರೂ ಸೈ.

ಬಸ್ಸಾರಿನ ಬಂಧು

ಮೈಸೂರು, ಚಾಮರಾಜನಗರ ಸೀಮೆಯವರಿಗೆ ಈ ಕ್ರಮ ಹೊಸತೆನಿಸದು. ಕಾಳು, ಸೊಪ್ಪು ಬೇಯಿಸಿ ಕಟ್ಟನ್ನು ಬಸಿದು ಸಾರು ಮಾಡಿ, ಉಳಿದದ್ದನ್ನು ಪಲ್ಯ ಮಾಡುವುದೇ ಬಸ್ಸಾರು. ಮೆಕ್ಸಿಕೋದವರು ಕಟ್ಟನ್ನು ಬಸಿಯದೆ ಕಾಳಿನೊಂದಿಗೇ ಬಟ್ಟಲಿಗೆ ಬಡಿಸುತ್ತಾರೆ, ಅಷ್ಟೇ ವ್ಯತ್ಯಾಸ. ಕಾಳಿನ ಸಾರವೆಲ್ಲ ಕಟ್ಟಿನಲ್ಲಿದೆ, ಅದನ್ನು ಚೆಲ್ಲಬಾರದು ಎಂಬ ತಿಳಿವಳಿಕೆ ಎರಡೂ ನಾಡಿನ ಬಡವರ ಅಡುಗೆಯಲ್ಲಿದೆ. ಚೆಲ್ಲಬೇಕಾದದ್ದು ನೆನೆಹಾಕಿದ ನೀರನ್ನು ಮಾತ್ರ.

ಉರುವಲಿನ ಲೆಕ್ಕ

ಕಾಳು ಬೇಯುವ ಹೊತ್ತೆಂದರೆ ಉರುವಲು ಸುಡುವ ಹೊತ್ತು. ನಗರದಲ್ಲಿ ಇದು ಅನಿಲದ ಖರ್ಚಿನ ಮಾತು. ಬಂಡೀಪುರ ಕಾಡಂಚಿನ ಊರುಗಳಲ್ಲಿ ಸೌದೆ ಒಲೆ ನೆಚ್ಚಿಕೊಂಡವರಿಗೆ ಇದು ಜೀವದ ಮಾತೂ ಹೌದು. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಅರಣ್ಯದೊಳಗಿಂದ ಸೌದೆ ತರಲು ಕಾನೂನಿನ ತಡೆಯಿದೆ; ಹೋದವರಿಗೆ ಆನೆ, ಹುಲಿಗಳ ಎದುರಾಗುವ ಭಯವಿದೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯು ಬಡ ಕುಟುಂಬಗಳಿಗೆ ಅನಿಲ ಸಂಪರ್ಕ ನೀಡಿತಾದರೂ, ಸಿಲಿಂಡರ್ ಮುಗಿದಾಗ ಮತ್ತೆ ತುಂಬಿಸುವ ಖರ್ಚು ಮನೆಯವರದೇ.

ಇಂತಹ ಮನೆಗಳಿಗೆ ರಾತ್ರಿ ಕಾಳು ನೆನೆಹಾಕುವ ಹಳೆಯ ರೂಢಿಯೇ ಮೊದಲ ಉಳಿತಾಯ. ಎರಡನೆಯದು ಕುಕ್ಕರು. ಅದಿಲ್ಲದಿದ್ದರೆ ನೆನೆದ ಕಾಳನ್ನು 30 ನಿಮಿಷ ಬಿಡದೆ ಕುದಿಸಿ, ಬಿಗಿಯಾಗಿ ಮುಚ್ಚಿದ ಪಾತ್ರೆಯನ್ನು ಒಲೆಯಿಂದಿಳಿಸಿ, ಹುಲ್ಲು ತುಂಬಿದ ಬುಟ್ಟಿಯಲ್ಲಿ ಗೋಣಿಚೀಲ, ಕಂಬಳಿ ಹೊದಿಸಿಟ್ಟರೆ ಒಳಗಿನ ಬಿಸಿಯಲ್ಲೇ ಕಾಳು ಮೆತ್ತಗಾಗುತ್ತಾ ಬರುತ್ತದೆ. ಉಣ್ಣುವ ಮೊದಲು ಇನ್ನೊಮ್ಮೆ ಚೆನ್ನಾಗಿ ಕುದಿಸಬೇಕು. ಕುದಿ ಬರುವ ಮುನ್ನವೇ ಹೊದಿಸಿಡುವುದು ಮಾತ್ರ ಅಪಾಯಕರ.

ಬೆಂದ ಕಾಳನ್ನು ಕಟ್ಟಿನ ಸಮೇತ ಶೈತ್ಯಪೆಟ್ಟಿಗೆಯಲ್ಲಿ 3ರಿಂದ 4 ದಿನ ಇಡಬಹುದು. ವಾರಕ್ಕೊಮ್ಮೆ ಹೆಚ್ಚು ಬೇಯಿಸಿ ಎರಡು ಹೊತ್ತಿಗೆ ಹಂಚಿಕೊಂಡರೆ ಉರುವಲೂ ಉಳಿಯುತ್ತದೆ, ದುಡಿಯುವವರ ಸಮಯವೂ ಉಳಿಯುತ್ತದೆ.