ತಪ್ಪು ಚೆಂಡಿನದಾ, ನೆಲದ್ದಾ?

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಗೆ ಹೋಗಿದ್ದೆ. ರೇಷ್ಮೆ ಸೀರೆ ನೇಯೋ ಊರು. ಮಗ್ಗದ ಪಕ್ಕ ಟೀ ಕುಡೀತಾ ಕೂತಿದ್ದಾಗ ಮಾತು ಕ್ರಿಕೆಟ್ಟಿಗೆ ಬಂತು. ಹಿರಿಯ ನೇಕಾರರೊಬ್ಬರು ಕೇಳಿದರು: "ಸಾರ್, ರಾತ್ರಿ ಟೆಸ್ಟಲ್ಲಿ ಆಡ್ತಾರಲ್ಲ ಆ ಗುಲಾಬಿ ಬಾಲು, ಅದಕ್ಕೆ ಬಣ್ಣ ಅದ್ದಿರೋದಾ, ಬಳಿದಿರೋದಾ?"

ಸ್ಟುಡಿಯೋದಲ್ಲಿ ಕ್ರಿಕೆಟ್ ಬಗ್ಗೆ ಎಷ್ಟೋ ಚರ್ಚೆ ನಡೆಸಿದ್ದೇನೆ. ಇಷ್ಟು ಸರಿಯಾದ ಪ್ರಶ್ನೆಯನ್ನ ಯಾರೂ ಕೇಳಿರಲಿಲ್ಲ.

ಕೆಂಪು ಚೆಂಡಿನ ತೊಗಲಿಗೆ ಬಣ್ಣ ಒಳಗೇ ಇಳಿದಿರುತ್ತದೆ. ಆದರೆ ಹೊನಲು ಬೆಳಕಿನಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ, ಬ್ಯಾಟ್ಸ್‌ಮನ್‌ಗೆ ಗುರುತು ಹತ್ತುವುದಿಲ್ಲ. ಬಿಳಿ ಚೆಂಡು ಬಳಸೋಣ ಅಂದರೆ ಆಟಗಾರರ ಬಟ್ಟೆಯೂ ಬಿಳಿ. ಹಾಗಾಗಿ ಗುಲಾಬಿ ಬಂತು. ಇದಕ್ಕೆ ಮೇಲಿನಿಂದ ಬಣ್ಣದ ಪದರ ಬಳಿದು, ಅದರ ಮೇಲೆ ಮೆರುಗು ಕೊಡುತ್ತಾರೆ. ಇಷ್ಟು ಹೇಳಿದ ಕೂಡಲೇ ಆ ಹಿರಿಯರು ನಕ್ಕರು. "ಹಂಗಾದ್ರೆ ಉಜ್ಜಿದ್ರೆ ಹೋಗ್ತದೆ ಬಿಡಿ!"

ಅಷ್ಟೇ ಸ್ವಾಮಿ. ಹಗಲು-ರಾತ್ರಿ ಟೆಸ್ಟಿನ ಚರಿತ್ರೆ ಶುರುವಾಗೋದೇ ಅಲ್ಲಿಂದ.

2015ರ ನವೆಂಬರ್ 27. ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವೆ ಮೊದಲ ಹಗಲು-ರಾತ್ರಿ ಟೆಸ್ಟ್. ಚೆಂಡಿನ ಬಣ್ಣ ಕಿತ್ತು ಹೋಗಬಾರದು ಅಂತ ಪಿಚ್ ಮೇಲೆ ಹೆಚ್ಚು ಹುಲ್ಲು ಬಿಟ್ಟರು. ಹುಲ್ಲು ಚೆಂಡನ್ನ ಕಾಪಾಡಿತು, ಬ್ಯಾಟ್ಸ್‌ಮನ್‌ಗಳನ್ನ ಕಾಪಾಡಲಿಲ್ಲ. ನಾಲ್ಕು ಇನಿಂಗ್ಸ್‌ಗಳಲ್ಲಿ ಗರಿಷ್ಠ ಮೊತ್ತ 224. ಆಟ ಮೂರೇ ದಿನಕ್ಕೆ ಮುಗಿಯಿತು. ಅಲ್ಲಿಗೆ ಗುಲಾಬಿ ಚೆಂಡಿಗೆ ಕೆಟ್ಟ ಹೆಸರು ಅಂಟಿಕೊಂಡಿತು.

ಆದರೆ ತಪ್ಪು ಚೆಂಡಿನದಾ? ನಮ್ಮ ದೇಶದ ಲೆಕ್ಕವನ್ನೇ ನೋಡಿ. ಎಲ್ಲ ಕಡೆ ಮೀರತ್‌ನ ಎಸ್‌ಜಿ ಕಂಪನಿಯ ಗುಲಾಬಿ ಚೆಂಡೇ.

ಮೊದಲನೆಯದು 2019ರ ನವೆಂಬರ್, ಕೋಲ್ಕತ್ತದ ಈಡನ್ ಗಾರ್ಡನ್ಸ್. ಸಂಜೆಯ ಇಬ್ಬನಿಗೆ ಚೆಂಡು ಒದ್ದೆಯಾಗಿ ಬೌಲರ್ ಕೈಯಿಂದ ಜಾರುತ್ತದೆ ಅನ್ನೋ ಭಯಕ್ಕೆ ಆಟವನ್ನ ಮಧ್ಯಾಹ್ನ 1 ಗಂಟೆಗೇ ಶುರು ಮಾಡಿದರು. ಪಿಚ್‌ನಲ್ಲಿ ವೇಗಿಗಳಿಗೆ ಜೀವ ಇತ್ತು. ಬಾಂಗ್ಲಾದೇಶದ 19 ವಿಕೆಟ್ ಬಿದ್ದವು. ಇಶಾಂತ್ ಶರ್ಮಾ 9, ಉಮೇಶ್ ಯಾದವ್ 8, ಶಮಿ 2. ಸ್ಪಿನ್ನರ್‌ಗಳಿಗೆ ಸೊನ್ನೆ!

ಎರಡನೆಯದು 2021ರ ಫೆಬ್ರುವರಿ, ಅಹಮದಾಬಾದ್. ಎದುರಾಳಿ ಇಂಗ್ಲೆಂಡ್, ಪಿಚ್ ಒಣಗಿದ್ದು. ಬಿದ್ದ 30 ವಿಕೆಟ್‌ಗಳಲ್ಲಿ 28 ಸ್ಪಿನ್ನರ್‌ಗಳ ಪಾಲು. ಎಷ್ಟೋ ಮಂದಿ ಔಟಾಗಿದ್ದು ತಿರುಗಿದ ಚೆಂಡಿಗಲ್ಲ, ನೇರ ಬಂದ ಚೆಂಡಿಗೆ. ಮೆರುಗಿನ ಚೆಂಡು ನೆಲ ಮುಟ್ಟಿ ಸರ್ರಂತ ಜಾರಿ ಪ್ಯಾಡಿಗೆ ಬಡಿಯುತ್ತಿತ್ತು. ಟೆಸ್ಟ್ ಎರಡೇ ದಿನಕ್ಕೆ ಖತಂ.

ಚೆಂಡು ಅದೇ, ದೇಶ ಅದೇ. ಒಂದು ಕಡೆ ಎಲ್ಲವೂ ವೇಗಿಗಳಿಗೆ, ಇನ್ನೊಂದು ಕಡೆ ಹೆಚ್ಚುಕಡಿಮೆ ಎಲ್ಲವೂ ಸ್ಪಿನ್ನರ್‌ಗಳಿಗೆ. ಬದಲಾಗಿದ್ದು ನೆಲ.

"ರಾತ್ರಿ ಲೈಟಲ್ಲಿ ಚೆಂಡು ಕಾಣಲ್ಲ" ಅನ್ನುವವರಿಗೂ ಒಂದು ಮಾತು. ಮುಸ್ಸಂಜೆಯ ಹೊತ್ತು ಕಷ್ಟ, ನಿಜ. ಆದರೆ 2020ರ ಡಿಸೆಂಬರ್ 19ರಂದು ಅಡಿಲೇಡ್‌ನಲ್ಲಿ ನಾವು ಬರೀ 36 ರನ್‌ಗೆ ಉದುರಿದ್ದು ದೀಪದ ಕೆಳಗಲ್ಲ, ಹಾಡಹಗಲಲ್ಲಿ.

ಈಗ ನಮ್ಮ ಮನೆಗೇ ಬರೋಣ. 2022ರ ಮಾರ್ಚ್ 12, ಶನಿವಾರ. ಚಿನ್ನಸ್ವಾಮಿ ಸ್ಟೇಡಿಯಂ, ಎದುರಾಳಿ ಶ್ರೀಲಂಕಾ. ಹಗಲಲ್ಲಿ ಪಿಚ್ ಮೊದಲ ದಿನವೇ ವಿಪರೀತ ತಿರುಗಿತು. ಭಾರತ 252ಕ್ಕೆ ಆಲೌಟ್. ಅದರಲ್ಲಿ ಎಂಟು ವಿಕೆಟ್ ಲಂಕಾದ ಸ್ಪಿನ್ನರ್‌ಗಳಿಗೆ. ಶ್ರೇಯಸ್ ಅಯ್ಯರ್ ಆ ನೆಲದಲ್ಲಿ ಹೊಡೆದ 92 ಇದೆಯಲ್ಲ, ಅದು ಎಷ್ಟೋ ಶತಕಕ್ಕಿಂತ ಮೇಲು. ಕತ್ತಲಾಗಿ ದೀಪ ಹತ್ತಿದ ಮೇಲೆ ಹೊಸ ಚೆಂಡು ಹಿಡಿದು ಬುಮ್ರಾ, ಶಮಿ ಬಂದರು. ದಿನ ಮುಗಿಯುವಾಗ ಲಂಕಾ 6 ವಿಕೆಟ್‌ಗೆ 86. ಆ ಆರರಲ್ಲಿ ಐದು ಈ ಇಬ್ಬರದು. ಅಂದರೆ ಹಗಲಿನ ಕತೆ ಪಿಚ್ ಬರೆಯಿತು, ರಾತ್ರಿಯ ಕತೆಯನ್ನ ಚೆಂಡು ಬರೆಯಿತು. ಒಂದೇ ದಿನ 16 ವಿಕೆಟ್!

ಸೋಮವಾರ ನಾವು 238 ರನ್‌ಗಳಿಂದ ಗೆದ್ದೆವು. ಪಂತ್ 28 ಎಸೆತಗಳಲ್ಲಿ ಅರ್ಧಶತಕ ಬಾರಿಸಿ, 1982ರಲ್ಲಿ ಕಪಿಲ್ ದೇವ್ 30 ಎಸೆತಗಳಲ್ಲಿ ಮಾಡಿದ್ದ ಭಾರತೀಯ ದಾಖಲೆ ಮುರಿದರು. ಲಂಕಾದ ನಾಯಕ ಕರುಣರತ್ನೆ 107 ಹೊಡೆದು, ನಿಂತರೆ ಆಡಬಹುದು ಅಂತ ತೋರಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆಮೇಲೆ ಬಂತು ಮ್ಯಾಚ್ ರೆಫರಿಯ ವರದಿ. ರೆಫರಿ ಯಾರು? ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್. 236 ಟೆಸ್ಟ್ ವಿಕೆಟ್ ಕಿತ್ತ ವೇಗಿ, ಕರ್ನಾಟಕಕ್ಕೆ ಆಡಿದ ಮನುಷ್ಯ, ಚಿನ್ನಸ್ವಾಮಿ ಅವರ ಸ್ವಂತ ಅಂಗಳ. ಗೆದ್ದದ್ದೂ ಭಾರತವೇ. ಕಣ್ಣು ಮುಚ್ಚಿ ಸುಮ್ಮನಿರಬಹುದಿತ್ತು. ಇರಲಿಲ್ಲ. ಪಿಚ್ ಸರಾಸರಿಗಿಂತ ಕೆಳಗಿದೆ, ಬ್ಯಾಟಿಗೂ ಬಾಲಿಗೂ ಸಮ ಹೋರಾಟ ಆಗಿಲ್ಲ ಅಂತ ವರದಿ ಕೊಟ್ಟರು. ಚಿನ್ನಸ್ವಾಮಿಗೆ ಒಂದು ಡಿಮೆರಿಟ್ ಅಂಕ ಬಿತ್ತು.

ಆ ಒಂದು ಅಂಕವೇ ಈ ಇಡೀ ಚರಿತ್ರೆಯ ಪಾಠ ಅಂತ ನಾನು ತಿಳಿದಿದ್ದೇನೆ. ಚೆಂಡಿನ ಬಣ್ಣವನ್ನ ಬೈಯುವುದು ಸುಲಭ. ಪಿಚ್ ತನ್ನಷ್ಟಕ್ಕೆ ಆಗುವುದಿಲ್ಲ, ಅದನ್ನ ಮನುಷ್ಯರು ಮಾಡುತ್ತಾರೆ. ಎಷ್ಟು ನೀರು, ಎಷ್ಟು ಹುಲ್ಲು, ಎಷ್ಟು ರೋಲರ್ ಅಂತ ಯಾರೋ ತೀರ್ಮಾನಿಸುತ್ತಾರೆ. ನಾಲ್ಕನೇ ದಿನದ ಆಟ ನೋಡೋಣ ಅಂತ ಪಾವಗಡದಿಂದ ಬಸ್ಸು ಹತ್ತೋಕೆ ಕಾದಿದ್ದವನಿಗೆ ಆಟವೇ ಇಲ್ಲ ಅಂದರೆ, ಅದು ಗುಲಾಬಿ ಬಣ್ಣ ಮಾಡಿದ ಮೋಸ ಅಲ್ಲ.

ಆ ಪಂದ್ಯದ ನಂತರ 2025 ಮುಗಿಯುವವರೆಗೂ ಭಾರತದಲ್ಲಿ ಇನ್ನೊಂದು ಪುರುಷರ ಹಗಲು-ರಾತ್ರಿ ಟೆಸ್ಟ್ ನಡೆಯಲಿಲ್ಲ. ಕೆಲಸ ಮುಗಿಸಿ, ಮಕ್ಕಳನ್ನ ಕರಕೊಂಡು ಸಂಜೆ ಟೆಸ್ಟ್ ನೋಡಲಿ ಅಂತ ಹುಟ್ಟಿದ ಆಟ ಇದು. ಅದು ಉಳಿಯಬೇಕಾ? ಹಾಗಾದರೆ ಗೆದ್ದ ದಿನವೂ ನೆಲ ಸರಿಯಿರಲಿಲ್ಲ ಅಂತ ಹೇಳುವ ಧೈರ್ಯ ನಮಗೂ ಬರಬೇಕು. ಶ್ರೀನಾಥ್ ಹೇಳಿದರು. ನೀವೇನಂತೀರಿ?