ನೋಟರಿ ಕಾಗದ ಮಾಡಿಸಿದರೆ ಮಗುವಿನ ಗಾರ್ಡಿಯನ್ ಆಗಬಹುದೇ?

ತಂದೆ-ತಾಯಿ ಇಲ್ಲದ ಮಗುವನ್ನು ಸಾಕುತ್ತಿರುವವರಿಗೆ ಸುತ್ತಮುತ್ತಲಿನವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: “ಒಂದು ಛಾಪಾ ಕಾಗದ ತಗೊಂಡು ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿಬಿಡಿ, ನೀವೇ ಗಾರ್ಡಿಯನ್.” ಇದೇ ಮಾತು ಮೊಬೈಲ್‌ನಲ್ಲೂ ಗುಂಪಿನಿಂದ ಗುಂಪಿಗೆ ಓಡಾಡುತ್ತದೆ. ಕೇಳಲು ಸುಲಭ, ಖರ್ಚೂ ಕಡಿಮೆ. ಆದರೆ ಇದನ್ನು ನಂಬಿ ನಡೆದರೆ ಮುಂದೆ ಕಷ್ಟಕ್ಕೆ ಸಿಲುಕುವುದು ಆ ಮಗು. ಹಾಗಾಗಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂಬತ್ತು ವರ್ಷದ ಹುಡುಗಿ. ಅಪ್ಪ-ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ. ತಾಯಿಯ ತಾಯಿ, ಅಂದರೆ ಅಜ್ಜಿ, ಮನೆಗೆ ಕರೆತಂದು ಸಾಕುತ್ತಿದ್ದಾರೆ. ಅಪ್ಪ ಸ್ವಂತ ದುಡಿಮೆಯಿಂದ ಕೊಂಡ ಸೈಟು ಮತ್ತು ಬ್ಯಾಂಕಿನಲ್ಲಿ ಸ್ವಲ್ಪ ಹಣ ಇದೆ.

ಮಾತು 1: “ಸಾಕುತ್ತಿರುವವರೇ ಗಾರ್ಡಿಯನ್”

ಇದು ಅರ್ಧ ಸತ್ಯ. ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ, 1956ರ ಪ್ರಕಾರ ಮಗುವಿನ ಸಹಜ ಪಾಲಕರು ಅಂದರೆ ತಂದೆ, ಆಮೇಲೆ ತಾಯಿ. ಈ “ಆಮೇಲೆ” ಎಂಬ ಪದಕ್ಕೆ “ತಂದೆ ಸತ್ತ ಮೇಲೆ” ಎಂದಷ್ಟೇ ಅರ್ಥವಲ್ಲ ಎಂದು ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪಾಲಕಿ ಆಗಬಹುದು. ಇನ್ನು, ತಂದೆ ಅಥವಾ ತಾಯಿ ತಮ್ಮ ವಿಲ್‌ನಲ್ಲಿ ಗಾರ್ಡಿಯನ್ ಹೆಸರು ಬರೆದಿಡುವುದಕ್ಕೂ ಈ ಕಾಯ್ದೆಯಲ್ಲಿ ಅವಕಾಶವಿದೆ.

ಅಜ್ಜಿ, ಸೋದರಮಾವ, ದೊಡ್ಡಪ್ಪ, ಚಿಕ್ಕಮ್ಮ ಈ ಪಟ್ಟಿಯಲ್ಲಿ ಇಲ್ಲ. ಅವರು ಎಷ್ಟೇ ಪ್ರೀತಿಯಿಂದ ಸಾಕಿದರೂ ಕಾನೂನಿನ ಕಣ್ಣಿಗೆ “ವಾಸ್ತವ ಪಾಲಕರು” ಮಾತ್ರ. ಕೇವಲ ಆ ಕಾರಣಕ್ಕೆ ಮಗುವಿನ ಆಸ್ತಿ ಮಾರುವ ಅಥವಾ ಬೇರೆ ವ್ಯವಹಾರ ಮಾಡುವ ಹಕ್ಕು ಅವರಿಗಿಲ್ಲ ಎಂದು ಇದೇ ಕಾಯ್ದೆಯ 11ನೇ ಕಲಂ ಖಡಾಖಂಡಿತವಾಗಿ ಹೇಳುತ್ತದೆ.

ಮಾತು 2: “ನೋಟರಿ ಸಹಿ ಇದ್ದರೆ ಕೋರ್ಟ್ ಬೇಡ”

ಇದು ತಪ್ಪು. ನೋಟರಿ ಮಾಡುವ ಕೆಲಸ, ಸಹಿ ಹಾಕಿದವರು ಇವರೇ ಎಂದು ದೃಢೀಕರಿಸುವುದು. ಯಾರನ್ನೂ ಪಾಲಕರನ್ನಾಗಿ ನೇಮಿಸುವ ಅಧಿಕಾರ ನೋಟರಿಗಿಲ್ಲ. ಆ ಅಧಿಕಾರ ಇರುವುದು ನ್ಯಾಯಾಲಯಕ್ಕೆ. ಅದನ್ನು ಕೊಟ್ಟಿರುವುದು ಪಾಲಕರು ಮತ್ತು ಪಾಲ್ಯರ ಕಾಯ್ದೆ, 1890. ಇಂಗ್ಲಿಷರ ಕಾಲದ್ದಾದರೂ ಇವತ್ತಿಗೂ ಜಾರಿಯಲ್ಲಿದೆ, ಎಲ್ಲ ಧರ್ಮದವರೂ ಇದರಡಿ ಅರ್ಜಿ ಹಾಕಬಹುದು.

ಅರ್ಜಿ ಹಾಕಲು ರಕ್ತಸಂಬಂಧವೇ ಬೇಕೆಂದಿಲ್ಲ. ಗಾರ್ಡಿಯನ್ ಆಗಬಯಸುವವರು, ಮಗುವಿನ ಯಾವುದೇ ಬಂಧು ಅಥವಾ ಸ್ನೇಹಿತರು, ಜಿಲ್ಲಾಧಿಕಾರಿ ಕೂಡ ಅರ್ಜಿ ಸಲ್ಲಿಸಬಹುದು.

ಯಾವ ಕೋರ್ಟಿಗೆ ಹೋಗಬೇಕು?

ಅರ್ಜಿದಾರರು ಇರುವ ಊರಲ್ಲ, ಮಗು ಸಾಮಾನ್ಯವಾಗಿ ವಾಸಿಸುವ ಊರು ಮುಖ್ಯ. ಅಜ್ಜಿಯ ಮಗ ಮುಂಬೈಯಲ್ಲಿದ್ದು, ಮಗು ಹಾಸನದಲ್ಲಿ ಬೆಳೆಯುತ್ತಿದ್ದರೆ ಅರ್ಜಿ ಹಾಸನದಲ್ಲೇ. ಮಗುವಿನ ಪೋಷಣೆ, ಅಂದರೆ “ದೇಹದ ಪಾಲಕತ್ವ” ಕೇಳುವುದಾದರೆ, ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಅಲ್ಲಿಗೆ ಹೋಗಬೇಕು. ಬರೀ ಆಸ್ತಿಯ ಪಾಲಕತ್ವಕ್ಕೆ ಜಿಲ್ಲಾ ನ್ಯಾಯಾಲಯ. ಆಸ್ತಿಯ ವಿಷಯದಲ್ಲಿ ಮಾತ್ರ, ಆಸ್ತಿ ಇರುವ ಜಿಲ್ಲೆಯ ಕೋರ್ಟಿಗೂ ಹೋಗಬಹುದು.

ಅರ್ಜಿಯಲ್ಲಿ ಏನಿರಬೇಕು?

• ಮಗುವಿನ ಹೆಸರು, ಲಿಂಗ, ಧರ್ಮ, ಹುಟ್ಟಿದ ದಿನಾಂಕ, ವಾಸದ ಸ್ಥಳ
• ಮಗುವಿನ ಆಸ್ತಿ ಏನು, ಎಲ್ಲಿದೆ, ಅಂದಾಜು ಬೆಲೆ ಎಷ್ಟು
• ಮಗು ಈಗ ಯಾರ ಬಳಿ ಇದೆ, ಹತ್ತಿರದ ಬಂಧುಗಳು ಯಾರು, ಎಲ್ಲಿದ್ದಾರೆ
• ಈ ಹಿಂದೆ ಯಾರಾದರೂ ಗಾರ್ಡಿಯನ್ ಆಗಿದ್ದರೇ, ಬೇರೆ ಕೋರ್ಟಿನಲ್ಲಿ ಅರ್ಜಿ ಇದೆಯೇ
• ಗಾರ್ಡಿಯನ್ ಆಗಲು ಹೊರಟವರ ಅರ್ಹತೆ, ಅರ್ಜಿಗೆ ಕಾರಣ
• ಗಾರ್ಡಿಯನ್ ಆಗಲು ಒಪ್ಪಿಗೆ ಎಂಬ ಸಹಿ ಮಾಡಿದ ಹೇಳಿಕೆ, ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ

ತಂದೆ-ತಾಯಿಯ ಮರಣ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರ, ವಂಶವೃಕ್ಷ, ಶಾಲೆಯ ದಾಖಲೆ, ಆಸ್ತಿಯ ಪಹಣಿ ಅಥವಾ ಖಾತೆ ಜೊತೆಯಲ್ಲಿದ್ದರೆ ಕೆಲಸ ಸುಲಭ. ಸಂಬಂಧಿಕರಲ್ಲಿ ಯಾರ ಹೆಸರನ್ನೂ ಬೇಕೆಂದೇ ಬಿಡಬೇಡಿ. ಬಿಟ್ಟದ್ದು ಆಮೇಲೆ ಗೊತ್ತಾದರೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ.

ಅರ್ಜಿ ದಾಖಲಾದ ಮೇಲೆ ಕೋರ್ಟ್ ವಿಚಾರಣೆಗೆ ದಿನ ಗೊತ್ತುಮಾಡಿ ನೋಟಿಸ್ ಕಳಿಸುತ್ತದೆ. ನೋಟಿಸನ್ನು ಕೋರ್ಟಿನ ಕಟ್ಟಡದಲ್ಲೂ ಮಗು ವಾಸಿಸುವ ಮನೆಯಲ್ಲೂ ಎಲ್ಲರಿಗೆ ಕಾಣುವಂತೆ ಅಂಟಿಸಬೇಕು. ತಕರಾರು ಇದ್ದವರು ಬಂದು ಹೇಳಲಿ ಎಂಬುದೇ ಇದರ ಉದ್ದೇಶ. ತೀರ್ಮಾನ ತಡವಾಗುವಂತಿದ್ದರೆ ಮಗುವನ್ನು ಯಾರ ಬಳಿ ಬಿಡಬೇಕು ಎಂದು ಮಧ್ಯಂತರ ಆದೇಶ ಕೊಡುವ ಅಧಿಕಾರವೂ ಕೋರ್ಟಿಗಿದೆ.

ಮಾತು 3: “ದುಡ್ಡಿದ್ದವರಿಗೆ, ಅಪ್ಪನ ಕಡೆಯವರಿಗೆ ಮೊದಲ ಹಕ್ಕು”

ಇದೂ ತಪ್ಪು. ಕೋರ್ಟ್ ನೋಡುವುದು ಒಂದೇ ಸಂಗತಿ: ಮಗುವಿನ ಹಿತ. ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕರಾಗುವವರ ನಡತೆ ಮತ್ತು ಸಾಮರ್ಥ್ಯ, ಎಷ್ಟು ಹತ್ತಿರದ ಬಂಧು, ಸತ್ತ ತಂದೆ-ತಾಯಿಯ ಇಚ್ಛೆ ಏನಿತ್ತು, ಇವೆಲ್ಲ ಗಣನೆಗೆ ಬರುತ್ತವೆ. ತನಗೆ ಯಾರು ಬೇಕೆಂದು ಬುದ್ಧಿಪೂರ್ವಕವಾಗಿ ಹೇಳುವಷ್ಟು ಮಗು ದೊಡ್ಡದಾಗಿದ್ದರೆ ಅದರ ಮಾತನ್ನೂ ಕೋರ್ಟ್ ಪರಿಗಣಿಸಬಹುದು.

ತಂದೆ ಅಥವಾ ತಾಯಿ ಬದುಕಿದ್ದು, ಅವರು ಅಯೋಗ್ಯರಲ್ಲ ಎಂದಾದರೆ, ಮಗುವಿನ ಪೋಷಣೆಗೆ ಬೇರೆಯವರನ್ನು ಕೋರ್ಟ್ ನೇಮಿಸುವುದಿಲ್ಲ. ಹಾಗೆಂದು ತಂದೆಯ ಹಕ್ಕು ಕಲ್ಲಿನ ಮೇಲೆ ಬರೆದದ್ದೂ ಅಲ್ಲ. ಹೆಂಡತಿಯ ವರದಕ್ಷಿಣೆ ಸಾವಿನ ಆರೋಪ ಹೊತ್ತಿದ್ದ ತಂದೆಯ ಬದಲು ತಾಯಿಯ ತಂದೆ-ತಾಯಿಗೆ ಮಗುವನ್ನು ಒಪ್ಪಿಸುವಂತೆ ಸುಪ್ರೀಂ ಕೋರ್ಟ್ 2008ರ ತೀರ್ಪೊಂದರಲ್ಲಿ ಹೇಳಿದೆ. ಅಲ್ಲಿ ಮಗುವಿನ ಇಷ್ಟಕ್ಕೂ ಬೆಲೆ ಸಿಕ್ಕಿತು.

ಮಾತು 4: “ಗಾರ್ಡಿಯನ್ ಆದರೆ ಮಗುವಿನ ಸೈಟು ಮಾರಬಹುದು”

ಅತಿ ಹೆಚ್ಚು ನಷ್ಟ ಮಾಡುವ ತಪ್ಪು ತಿಳಿವಳಿಕೆ ಇದು. ಕೋರ್ಟ್ ನೇಮಿಸಿದ ಪಾಲಕರು ಕೂಡ ಮತ್ತೆ ಕೋರ್ಟಿನ ಮುಂಗಡ ಅನುಮತಿ ಇಲ್ಲದೆ ಮಗುವಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ದಾನ ಕೊಡುವಂತಿಲ್ಲ, 5 ವರ್ಷ ಮೀರಿದ ಗುತ್ತಿಗೆಗೆ ಕೊಡುವಂತಿಲ್ಲ. ಮಗುವಿಗೆ ಅಗತ್ಯವಿದೆ ಅಥವಾ ಸ್ಪಷ್ಟವಾದ ಲಾಭವಿದೆ ಎಂದು ಮನವರಿಕೆಯಾದರೆ ಮಾತ್ರ ಅನುಮತಿ ಸಿಗುತ್ತದೆ. ಹಿಂದೂ ಮಗುವಿನ ಸ್ವಂತ ಆಸ್ತಿಯ ವಿಷಯದಲ್ಲಿ ಹೆತ್ತ ತಂದೆ-ತಾಯಿಗೂ ಇದೇ ಬಗೆಯ ನಿರ್ಬಂಧವಿದೆ.

ನಮ್ಮ ಉದಾಹರಣೆಯ ಹುಡುಗಿಯ ಸೈಟನ್ನು ಪಾಲಕರು ಅನುಮತಿಯಿಲ್ಲದೆ ಮಾರಿದರು ಎಂದುಕೊಳ್ಳಿ. ಅವಳು 18 ತುಂಬಿದ ಮೇಲೆ 3 ವರ್ಷದೊಳಗೆ ದಾವೆ ಹೂಡಿ ಆ ಮಾರಾಟವನ್ನು ರದ್ದು ಮಾಡಿಸಬಹುದು. ಕೊಂಡವರ ಹಣಕ್ಕೂ ಕುತ್ತು. ಹಾಗಾಗಿ ಮೈನರ್ ಹೆಸರಿನ ಜಮೀನು ಅಗ್ಗಕ್ಕೆ ಸಿಗುತ್ತಿದೆ ಎಂದು ಯಾರಾದರೂ ಹೇಳಿದರೆ, ಕೋರ್ಟಿನ ಅನುಮತಿ ಆದೇಶ ತೋರಿಸಿ ಎಂದು ಮೊದಲು ಕೇಳಿ.

ಭಾಗವಾಗದ ಕೂಡು ಕುಟುಂಬದ ಆಸ್ತಿಯ ಲೆಕ್ಕ ಬೇರೆ. ಅದನ್ನು ಮನೆಯ ವಯಸ್ಕ ಸದಸ್ಯರೊಬ್ಬರು ನೋಡಿಕೊಳ್ಳುತ್ತಿದ್ದರೆ, ಮಗುವಿನ ಅವಿಭಕ್ತ ಪಾಲಿಗೆಂದು ಸಾಮಾನ್ಯವಾಗಿ ಪ್ರತ್ಯೇಕ ಗಾರ್ಡಿಯನ್ ನೇಮಿಸುವುದಿಲ್ಲ.

ಆದೇಶ ಬಂದ ಮೇಲೆ ಹೊಣೆ ಶುರು

ಗಾರ್ಡಿಯನ್ ಆಗುವುದು ಮಾಲೀಕತ್ವವಲ್ಲ, ಹೊಣೆ. ಮಗುವಿನ ಊಟ, ಬಟ್ಟೆ, ಆರೋಗ್ಯ, ಓದು ನೋಡಿಕೊಳ್ಳಬೇಕು. ಆಸ್ತಿಯನ್ನು ವಿವೇಕವಿರುವ ಮನುಷ್ಯ ತನ್ನ ಆಸ್ತಿ ನೋಡಿಕೊಳ್ಳುವಂತೆ ನೋಡಿಕೊಳ್ಳಬೇಕು. ಕೋರ್ಟ್ ಕೇಳಿದರೆ ಬಾಂಡ್ ಕೊಡಬೇಕು, 6 ತಿಂಗಳೊಳಗೆ ಆಸ್ತಿ, ಹಣ, ಸಾಲಗಳ ಪಟ್ಟಿ ಸಲ್ಲಿಸಬೇಕು, ಲೆಕ್ಕ ಒಪ್ಪಿಸಬೇಕು. ಕೋರ್ಟಿನ ಅಪ್ಪಣೆ ಇಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಕರೆದೊಯ್ದು ನೆಲೆಸುವಂತಿಲ್ಲ. ಮಗುವನ್ನು ಹಿಂಸಿಸಿದರೆ, ನಂಬಿಕೆಗೆ ದ್ರೋಹ ಮಾಡಿದರೆ ಕೋರ್ಟ್ ಪಾಲಕರನ್ನು ತೆಗೆದುಹಾಕುತ್ತದೆ.

ಮಾತು 5: “ಕೋರ್ಟ್ ಗಾರ್ಡಿಯನ್ ಇದ್ದರೆ 21 ವರ್ಷದವರೆಗೆ ಮೈನರ್”

ಹಿಂದೆ ನಿಜವಾಗಿತ್ತು, ಈಗ ಅಲ್ಲ. ಭಾರತೀಯ ವಯಸ್ಕತೆ ಕಾಯ್ದೆ, 1875ರಲ್ಲಿ ಅಂಥ ನಿಯಮವಿತ್ತು. 1999ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಎಲ್ಲರಿಗೂ 18. ಅಂದು ಪಾಲಕತ್ವ ಮುಗಿಯುತ್ತದೆ, ಆಸ್ತಿ ಮತ್ತು ಲೆಕ್ಕವನ್ನು ಮಗುವಿನ ಕೈಗೆ ಒಪ್ಪಿಸಬೇಕು.

ಮಾತು 6: “ಗಾರ್ಡಿಯನ್ ಆದರೂ ದತ್ತು ಪಡೆದರೂ ಒಂದೇ”

ಒಂದಲ್ಲ. ದತ್ತು ಪಡೆದರೆ ಮಗು ಆ ಮನೆಯ ಮಗುವೇ ಆಗುತ್ತದೆ, ವಾರಸುದಾರಿಕೆಯೂ ಬರುತ್ತದೆ. ಪಾಲಕತ್ವದಲ್ಲಿ ಮಗು ಹೆತ್ತವರ ಮಗುವಾಗಿಯೇ ಉಳಿಯುತ್ತದೆ. ಪಾಲಕರ ಆಸ್ತಿಯಲ್ಲಿ ಪಾಲು ಬೇಕಿದ್ದರೆ ವಿಲ್ ಬರೆಯಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ “ಅನಾಥ ಮಕ್ಕಳಿದ್ದಾರೆ, ದತ್ತು ಬೇಕಾದವರು ಕರೆ ಮಾಡಿ” ಎಂಬ ಸಂದೇಶಗಳು ದೇಶದ ತುಂಬ ಹರಿದಾಡಿದವು. ಕಾನೂನಿನ ದಾರಿ ಬಿಟ್ಟು ಮಗುವನ್ನು ಕೊಡುವುದೂ ಪಡೆಯುವುದೂ ಬಾಲನ್ಯಾಯ ಕಾಯ್ದೆ, 2015ರಡಿ ಶಿಕ್ಷಾರ್ಹ ಅಪರಾಧ. ದಿಕ್ಕಿಲ್ಲದ ಮಗು ಕಂಡರೆ 1098ಕ್ಕೆ ಕರೆ ಮಾಡಿ. ಅಂಥ ಮಗುವಿನ ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು.

ವಕೀಲರಿಗೆ ಹಣವಿಲ್ಲದಿದ್ದರೆ?

ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು. ಇವರಿಗೆ ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ನಮ್ಮ ಉದಾಹರಣೆಯ ಅಜ್ಜಿಗೆ ಈ ನೆರವು ಹಕ್ಕಿನಿಂದಲೇ ಸಿಗುತ್ತದೆ.

ನಿಮ್ಮ ಬಂಧುಬಳಗದಲ್ಲಿ, ಬೀದಿಯಲ್ಲಿ ಇಂಥ ಮಗುವನ್ನು ಸಾಕುತ್ತಿರುವ ಅಜ್ಜಿಯೋ ಮಾವನೋ ಇದ್ದರೆ, ನೋಟರಿ ಕಾಗದದ ಸಂದೇಶದ ಬದಲು ಇದನ್ನು ಅವರಿಗೆ ಕಳಿಸಿ. ಓದಲು ಬಾರದಿದ್ದರೆ ಕೂತು ಓದಿ ಹೇಳಿ.