ನೂರೈವತ್ತು ವರ್ಷ ಸಾಯದ ಕಾರ್ಡೀಲಿಯಾ

ಭಾನುವಾರ ಬೆಳಿಗ್ಗೆ ಪುಣೆಯಿಂದ ಊರಿಗೆ ಫೋನ್ ಮಾಡುವುದು ನನ್ನ ಹನ್ನೊಂದು ವರ್ಷದ ರೂಢಿ. ಅಪ್ಪನ ಜೊತೆ ಇಪ್ಪತ್ತು ನಿಮಿಷ ಬೆಲ್ಲದಂಥ ಮಾತು. ಅದನ್ನು ಓಣಿಯವರಿಗೆಲ್ಲ ಹೇಳಿಕೊಂಡು ಅಪ್ಪ ಹಿಗ್ಗುತ್ತಾರೆ. ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುವ ತಂಗಿಗೆ ಮಾತ್ರ 'ಬಾಯಿ ಜೋರು' ಎಂಬ ಬಿರುದು. 'ಉಪ್ಪಿನಕಾಯಿ ಮುಟ್ಟಬ್ಯಾಡ್ರಿ ಅಪ್ಪಾ, ಬಿ.ಪಿ. ಏರ್ತದ' ಅಂದದ್ದೇ ಅವಳ ತಪ್ಪು. ಈಚೆಗೆ ಶೇಕ್ಸ್‌ಪಿಯರನ 'ಕಿಂಗ್ ಲಿಯರ್' ಮತ್ತೆ ಓದಿದಾಗ, ನಾನು ಯಾವ ಮಗಳ ಪಕ್ಕದಲ್ಲಿದ್ದೇನೆ ಎಂದು ಹೊಳೆದು ನಾಚಿಕೆಯಾಯಿತು.

ರಾಜ್ಯ ಹಂಚಲು ಕೂತ ಮುದಿ ದೊರೆ, ತನ್ನ ಮೇಲೆ ಯಾರಿಗೆ ಹೆಚ್ಚು ಪ್ರೀತಿ ಎಂದು ಮೂವರು ಹೆಣ್ಣುಮಕ್ಕಳನ್ನು ತುಂಬಿದ ಸಭೆಯಲ್ಲಿ ಕೇಳುತ್ತಾನೆ. ದೊಡ್ಡವರಿಬ್ಬರು ಹೊಗಳಿ ಅಟ್ಟಕ್ಕೇರಿಸುತ್ತಾರೆ. ಕಿರಿಯವಳಾದ ಕಾರ್ಡೀಲಿಯಾ, ಮಗಳಾಗಿ ಎಷ್ಟು ಸಲ್ಲಬೇಕೋ ಅಷ್ಟೇ ಪ್ರೀತಿ ಎನ್ನುತ್ತಾಳೆ. ಅವಳಿಗೆ ಬಿಡಿಗಾಸೂ ಇಲ್ಲ. ಅವಳ ಪರ ಮಾತಾಡಿದ ಕೆಂಟ್‌ಗೆ ಗಡೀಪಾರು. ಅದೇ ಕೆಂಟ್ ವೇಷ ಮರೆಸಿಕೊಂಡು ಬಂದು ದೊರೆಯ ಚಾಕರಿಗೆ ನಿಲ್ಲುತ್ತಾನೆ. ದೊರೆಗೆ ಗುರುತೇ ಹತ್ತುವುದಿಲ್ಲ.

ಕತೆ ಶೇಕ್ಸ್‌ಪಿಯರನದಲ್ಲ. 12ನೇ ಶತಮಾನದಲ್ಲಿ ಮನ್ಮತ್‌ನ ಜೆಫ್ರಿ ಬರೆದ ಬ್ರಿಟನ್ ಅರಸರ ಚರಿತ್ರೆಯಲ್ಲಿ ಅದಿದೆ. 1605ರಲ್ಲಿ ಅಚ್ಚಾದ ಹಳೆಯ ನಾಟಕವೊಂದರಲ್ಲೂ ಇದೆ. ಎರಡರಲ್ಲೂ ದೊರೆ ಕಿರಿಮಗಳ ನೆರವಿನಿಂದ ಮತ್ತೆ ಪಟ್ಟಕ್ಕೇರುತ್ತಾನೆ. 1606ರ ಡಿಸೆಂಬರ್ 26ರಂದು ವೈಟ್‌ಹಾಲ್ ಅರಮನೆಯಲ್ಲಿ ಒಂದನೇ ಜೇಮ್ಸ್ ದೊರೆಯ ಎದುರು ಆಡಿದ ಶೇಕ್ಸ್‌ಪಿಯರನ ನಾಟಕ ಈ ಕೊನೆಯನ್ನು ಒಪ್ಪಲಿಲ್ಲ. ಅಲ್ಲಿ ತಂದೆಗೆ ಕಣ್ಣು ತೆರೆಯುತ್ತದೆ, ಮಗಳ ಕ್ಷಮೆಯೂ ಸಿಗುತ್ತದೆ. ಆದರೂ ಯುದ್ಧ ಸೋತು ಇಬ್ಬರೂ ಸೆರೆಯಾಗುತ್ತಾರೆ, ಅವಳನ್ನು ನೇಣಿಗೆ ಹಾಕುತ್ತಾರೆ. ಹೆಣ ಎತ್ತಿಕೊಂಡು ಬಂದ ಮುದುಕನ ಪ್ರಾಣವೂ ಅಲ್ಲೇ ಹೋಗುತ್ತದೆ.

ಮುಂದಿನವರಿಗೆ ಇದನ್ನು ಅರಗಿಸಿಕೊಳ್ಳಲು ಆಗಲಿಲ್ಲ. 1681ರಲ್ಲಿ ನಹುಮ್ ಟೇಟ್ ನಾಟಕವನ್ನು ತಿದ್ದಿ ಬರೆದ. ಸತ್ಯ ಚುಚ್ಚಿ ಹೇಳುತ್ತಿದ್ದ ವಿದೂಷಕನನ್ನು ತೆಗೆದುಹಾಕಿದ, ಕಾರ್ಡೀಲಿಯಾಳನ್ನು ಬದುಕಿಸಿ ಎಡ್ಗರ್‌ಗೆ ಮದುವೆ ಮಾಡಿಸಿದ, ಲಿಯರ್‌ಗೆ ರಾಜ್ಯ ಮರಳಿಸಿದ. ಸುಮಾರು ನೂರೈವತ್ತು ವರ್ಷ ಇಂಗ್ಲಿಷ್ ರಂಗಭೂಮಿಯಲ್ಲಿ ನಡೆದದ್ದು ಇದೇ ಪಾಠ. ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ನನಿಗೂ ಕಾರ್ಡೀಲಿಯಾಳ ಸಾವು ಎಷ್ಟು ಆಘಾತ ತಂದಿತ್ತೆಂದರೆ, ಸಂಪಾದಕನಾಗಿ ತಿದ್ದಬೇಕಾಗಿ ಬರುವವರೆಗೆ ಆತ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಲು ಮನಸ್ಸು ಮಾಡಿರಲಿಲ್ಲ. 1823ರಲ್ಲಿ ಎಡ್ಮಂಡ್ ಕೀನ್ ದುರಂತದ ಕೊನೆಯನ್ನು ಮರಳಿ ತಂದ. 1838ರಲ್ಲಿ ಮ್ಯಾಕ್ರೆಡಿ, ವಿದೂಷಕನ ಸಮೇತ, ಶೇಕ್ಸ್‌ಪಿಯರನ ಪಾಠಕ್ಕೇ ಮರಳಿದ.

ಟೇಟ್‌ನನ್ನು ನಗುವುದು ಸುಲಭ. ಆದರೆ ಪರವೂರಲ್ಲಿರುವ ನಾವೆಲ್ಲ ಮನಸ್ಸಿನಲ್ಲಿ ಬರೆದುಕೊಂಡಿರುವುದು ಅವನ ಕೊನೆಯನ್ನೇ ಅಲ್ಲವೇ? ಮುಂದೆ ಎಂದೋ ಎಲ್ಲ ಸರಿಹೋಗುತ್ತದೆ, ಅಪ್ಪನಿಗೆ ತಾನಾಗಿಯೇ ತಿಳಿಯುತ್ತದೆ ಎಂದು. ತಿಳಿಯುತ್ತದೆ, ನಿಜ. ತಿಳಿದ ಮೇಲೆ ಹೊತ್ತು ಉಳಿದಿರುತ್ತದೆ ಎಂಬ ಭರವಸೆಯನ್ನು ಶೇಕ್ಸ್‌ಪಿಯರ್ ಕೊಡುವುದಿಲ್ಲ. ಲಿಯರ್‌ನ ಹಮ್ಮಿಗೆ ಹೊಗಳಿಕೆಯ ಮೇವು ಹಾಕಿದವರು ದೊಡ್ಡ ಮಕ್ಕಳು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು.

ಕಳೆದ ಭಾನುವಾರ ಅಪ್ಪ ಎಂದಿನಂತೆ ತಂಗಿಯ ಮೇಲೆ ದೂರು ಶುರುಮಾಡಿದರು. ಹನ್ನೊಂದು ವರ್ಷ 'ಹೂಂ' ಅಂದವನು ಮೊದಲ ಸಲ, 'ಅಪ್ಪಾ, ಆಕಿ ಹೇಳೋದ ಖರೇ ಅದ ನೋಡ್ರಿ' ಎಂದೆ. ಆ ಕಡೆ ಮೌನ. ಫೋನ್ ಬೇಗ ಇಟ್ಟರು. ಈ ಭಾನುವಾರವೂ ಮಾಡಬೇಕು.